ವಕೀಲರ ಕಾರ್ಡಿಗೆ ಹಚ್ಚಿದ ಅರಿಷಿಣ

ನಮ್ಮ ಮಾವನವರಾದ ಪರಮೇಶ್ವರಪ್ಪ ವಕೀಲರು ಮಾತಾಡಿ ಗೆದ್ದ ಖಟ್ಲೆ ಒಂದಾದರೂ ಇತ್ತೋ ಇಲ್ಲವೋ, ನನಗೆ ಅನುಮಾನ. ಸೊಸೆಯಾಗಿ ಅವರ ಮನೆಯಲ್ಲಿ ಬಾಳಿದವಳು ನಾನು, ಅವರನ್ನು ಆಡಿಕೊಳ್ಳುವ ಅಧಿಕಾರ ನನಗಲ್ಲದೆ ಇನ್ನಾರಿಗೆ? ಹಾವೇರಿಯ ಕೋರ್ಟಿನಲ್ಲಿ ಎದ್ದು ನಿಂತರೆ ಅವರ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತಂತೆ. ನ್ಯಾಯಾಧೀಶರು ಕಿವಿಗೆ ಕೈ ಆನಿಸಿಕೊಂಡು ಜೋರಾಗಿ ಹೇಳಿರೆಂದಷ್ಟೂ ಇವರು ಇನ್ನಷ್ಟು ಮೆಲ್ಲಗಾಗುತ್ತಿದ್ದರಂತೆ. ಇಂಥವರಿಗೆ ವಕೀಲಿ ಯಾಕೆ ಬೇಕಿತ್ತು ಎಂದು ಅಕ್ಕಿಆಲೂರಿನ ನನ್ನ ತವರಿನವರು ನಗುತ್ತಿದ್ದರು. ಮದುವೆಯಾಗಿ ಹಾನಗಲ್ಲಿಗೆ ಬಂದ ಮೇಲೆ ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ಅವರು ಕಾಗದ ಬರೆಯುತ್ತಿದ್ದರು.

ಮುಂಜಾನೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕೂತುಬಿಡುತ್ತಿದ್ದರು. ಮುಂದೆ ಬರೆಯುವ ಪೆಟ್ಟಿಗೆ, ಪಕ್ಕದಲ್ಲಿ ಬಂದ ಕಾಗದಗಳು. ಬಂದ ದಿನವೇ ಉತ್ತರ ಹೋಗಬೇಕು, ಟಪಾಲಿನ ಚೀಲ ಕಟ್ಟುವುದರೊಳಗೆ ಹೋಗಬೇಕು. ನಮ್ಮ ಮನೆಯ ಒಲೆ ಹೊತ್ತುವುದು, ಊಟಕ್ಕೆ ಎಡೆ ಮಾಡುವುದು ಎಲ್ಲವೂ ಆ ಚೀಲದ ಹೊತ್ತಿಗೆ ಸರಿಯಾಗಿ. ಲಕೋಟೆ ಅಂಟಿಸಲಿಕ್ಕೆ ಗಟ್ಟಿ ಗಂಜಿ ಬೇಕಾಗುತ್ತಿತ್ತು. ಅತ್ತೆ ವೀರವ್ವನವರು ಬಟ್ಟಲಲ್ಲಿ ಗಂಜಿ ತಂದಿಡುವಾಗ ಈ ಮನೆಯಲ್ಲಿ ಮಂದಿಗಿಂತ ಲಕೋಟೆಗಳೇ ಹೆಚ್ಚು ಉಣ್ಣುತ್ತವೆ ಎಂದು ಗೊಣಗುತ್ತಿದ್ದರು. ಆದರೆ ಗಂಜಿ ಒಂದು ದಿನವೂ ತಪ್ಪಿಸಲಿಲ್ಲ.

ಬೇರೆ ವಕೀಲರು ತಾರೀಖು ಬಂತೆಂದರೆ ಪಕ್ಷಗಾರರಿಗೆ ಬನ್ನಿರಿ ಎಂದು ಬರೆಯುವವರು. ನಮ್ಮ ಮಾವನವರು ಬರಬೇಡಿರಿ ಎಂದು ಬರೆಯುವವರು. ಬಿತ್ತಿಗೆಯ ದಿನ, ಹೊಲ ಬಿಟ್ಟು ಬಂದು ಏನು ಮಾಡುತ್ತೀರಿ, ಆದದ್ದನ್ನು ನಾನೇ ತಿಳಿಸುತ್ತೇನೆ ಎಂದು ಹಿರೇಕೆರೂರ ತಾಲೂಕಿನ ಮೂಲೆಯ ಹಳ್ಳಿಗೂ ಕಾರ್ಡು ಹೋಗುತ್ತಿತ್ತು. ಹಳ್ಳಿಯಲ್ಲಿ ಕಾರ್ಡು ಓದುವವನು ಒಬ್ಬನಾದರೆ ಕೇಳುವವರು ಕಟ್ಟೆಯ ತುಂಬ ಇರುತ್ತಾರೆಂಬುದು ಅವರಿಗೆ ಗೊತ್ತಿತ್ತು. ಹೀಗಾಗಿ ಯಾರ ಮಾನಕ್ಕೂ ಕುಂದು ತರುವ ಮಾತನ್ನು ಅವರು ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಅಣ್ಣತಮ್ಮಂದಿರ ಜಗಳವೆಂದರೆ ಇಬ್ಬರಿಗೂ ಒಂದೇ ಒಕ್ಕಣೆಯ ಕಾರ್ಡು ಹಾಕುವರು. ಎಷ್ಟೋ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತದೆ ಅಂಚೆಯಲ್ಲೇ ತಣ್ಣಗಾದವು. ವಕೀಲನಾದವನಿಗೆ ಇದು ಹೊಟ್ಟೆ ತುಂಬಿಸುವ ದಾರಿಯಲ್ಲ, ನಾವು ಉಂಡದ್ದು ಗದ್ದೆಯ ಭತ್ತದಿಂದ.

ಅವರು ಕೆಲಸವಿಲ್ಲದೆಯೂ ಕಾಗದ ಬರೆಯುತ್ತಿದ್ದುದು ಒಬ್ಬರಿಗೇ, ಸವಣೂರಿನ ಖಾದರಸಾಬ ವಕೀಲರಿಗೆ. ಇಬ್ಬರೂ ಧಾರವಾಡದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬರು ಇಂಗ್ರೇಜಿ ಹದ್ದಿನಲ್ಲಿ ವಕೀಲರಾದರು, ಇನ್ನೊಬ್ಬರು ನವಾಬರ ಸಂಸ್ಥಾನದಲ್ಲಿ. ಅವರ ಕಾಗದಗಳಲ್ಲಿ ಇರುತ್ತಿದ್ದದ್ದೇನೆಂದರೆ ಖಾದರಸಾಬರ ಹಲ್ಲುನೋವು, ನಮ್ಮ ಮಾವನವರ ಉಪ್ಪಿನಕಾಯಿ, ಸವಣೂರಿನ ಎಲೆಬಳ್ಳಿಗೆ ಬಿದ್ದ ರೋಗ, ಅದಕ್ಕೆ ಯಾರೋ ಹೇಳಿದ ಔಷಧ. ಕೈಕೆಲಸ ಬಿಟ್ಟು ಇದನ್ನೆಲ್ಲ ನಮಗೆ ಓದಿ ಹೇಳಿ ತಾವೇ ನಗುವರು. ಒಂದೇ ಖಟ್ಲೆಯಲ್ಲಿ ಎದುರು ಬದುರಾದರೆ ಮಾತ್ರ ಇಬ್ಬರಿಗೂ ಒಂದು ಕಟ್ಟಳೆಯಿತ್ತು. ಆ ಖಟ್ಲೆಯ ವಿಷಯದಲ್ಲಿ ಬಂದ ಕಾಗದವನ್ನು ತಮ್ಮ ಪಕ್ಷಗಾರನಿಗೆ ಪೂರ್ತಿ ಓದಿ ಹೇಳಬೇಕು, ಬೆನ್ನ ಹಿಂದಿನ ಮಾತು ನಡೆಯದು. ಈ ಕಟ್ಟಳೆಗೆ ಅವರು ಸಣ್ಣ ವಯಸ್ಸಿನಿಂದ ಅಂಟಿಕೊಂಡೇ ಇದ್ದರು, ಅದು ಒಂದು ಹುಡುಗಿಯ ಬಾಳಿಗೆ ಅಡ್ಡ ಬಂದೀತೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಆ ಹುಡುಗಿಯ ತಾಯಿ ಹೊನ್ನವ್ವ ನಮ್ಮ ಮನೆಗೆ ಬಂದದ್ದು ಮೂವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ. ಚಿಕ್ಕೇರೂರಿನವಳು, ತಡಸಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡಿದ್ದ. ಅಣ್ಣನ ಹೆಂಡತಿಯ ಬಾಣಂತನಕ್ಕೆಂದು ತವರಿಗೆ ಬಂದಾಗ ಒಬ್ಬಳೇ ಮಗಳು ಮಾದೇವಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ತಿರುಗಿ ಹೋದರೆ ಭಾವ ಗುದ್ಲೆಪ್ಪ ಬಾಗಿಲಲ್ಲೇ ನಿಂತು, ಹುಡುಗಿ ನಮ್ಮ ಮನೆತನದವಳು, ನೀನು ಬೇಕಾದರೆ ಇರು, ಬೇಡವಾದರೆ ಹೋಗು, ಅವಳ ಮಾತು ಎತ್ತಬೇಡ ಎಂದನಂತೆ. ಮಾತಿಗೆ ಮಾತು ಬೆಳೆದು ಹೊನ್ನವ್ವ ಚಿಕ್ಕೇರೂರಿಗೆ ಮರಳಿದ್ದಳು. ಈಗ ಅಕ್ಕಿಆಲೂರಿನ ಸಂತೆಯಲ್ಲಿ ಬಳೆಗಾರ್ತಿ ಚಾಂದಬಿ ಅವಳಿಗೊಂದು ಸುದ್ದಿ ಮುಟ್ಟಿಸಿದ್ದಳು. ತಡಸದ ಗುದ್ಲೆಪ್ಪನ ಮನೆಯವರು ಸಣ್ಣ ಕೈಗೆ ಆಗುವ ಹಸಿರು ಬಳೆ ಹೇಳಿದ್ದಾರೆ, ಅಕ್ಷತದಿಗಿ ಅಮಾವಾಸ್ಯೆ ಕಳೆದ ಸೋಮವಾರ ಮಾದೇವಿಯ ಲಗ್ನ, ಅದೂ ತಡಸದಲ್ಲಲ್ಲ, ಸವಣೂರಿನಲ್ಲಿ ನಂಟರ ಮನೆಯಲ್ಲಿ.

ಮಾದೇವಿಗೆ ಇನ್ನೂ ಹತ್ತು ತುಂಬಿರಲಿಲ್ಲ. ವರ ಗುದ್ಲೆಪ್ಪನ ಹೆಂಡತಿಯ ತಮ್ಮ, ಇಪ್ಪತ್ತು ದಾಟಿದವನು. ಹದಿನಾಲ್ಕರೊಳಗಿನ ಹುಡುಗಿಗೆ ಲಗ್ನ ಮಾಡಿದರೆ ಶಿಕ್ಷೆಯೆಂದು ಕಾಯ್ದೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೆ ಸಂಸ್ಥಾನದ ಹದ್ದಿಗೆ ಹೋಗಿ ಅಕ್ಕಿಕಾಳು ಹಾಕಿಬಿಟ್ಟರೆ ಇಂಗ್ರೇಜಿ ಕಾಯ್ದೆಯ ಕೈ ಅಲ್ಲಿಗೆ ಮುಟ್ಟದೆಂದು ಜನ ನಂಬಿದ್ದರು. ಗುದ್ಲೆಪ್ಪನೂ ನಂಬಿದ್ದ. ಅವನಿಗೆ ಅವಸರ ಯಾಕೆಂದರೆ ತಾಯಿ ಮುದಕವ್ವ ಹಾಸಿಗೆ ಹಿಡಿದಿದ್ದಳು, ಮೊಮ್ಮಗಳ ಲಗ್ನ ನೋಡಿ ಕಣ್ಣು ಮುಚ್ಚುತ್ತೇನೆಂದು ಹಟ ಹಿಡಿದಿದ್ದಳು.

ಹೊನ್ನವ್ವ ಅಳಲಿಲ್ಲ. ಪಡಸಾಲೆಯ ಕಂಬಕ್ಕೆ ಆತು ಕೂತು ಒಂದೇ ಮಾತು ಹೇಳಿದಳು.

"ವಕೀಲ್ರ, ನಾ ಎಂಟು ವರ್ಷದಾಕಿ ಆ ಮನಿಗೆ ಬಂದೆ. ಹದಿಮೂರಕ್ಕ ಹಡದ ಕೂಸು ಕೈಯಾಗ ಉಳೀಲಿಲ್ಲ. ನನ್ನ ಮಗಳಿಗೆ ಆ ವಯಸ್ಸಿನ್ಯಾಗ ಅದು ಬ್ಯಾಡ್ರಿ. ಲಗ್ನಾ ತಪ್ಪಸ್ರಿ."

ಮಾವನವರು ಕಾಯ್ದೆಯ ಮಾತು ಎತ್ತಲಿಲ್ಲ. ನಿಮ್ಮ ಅತ್ತೆ ಎಂಥವಳು ಎಂದು ಕೇಳಿದರು. ನಡುಮನೆಯ ಬಾಗಿಲಲ್ಲಿ ನಿಂತಿದ್ದ ನನಗೂ ನಮ್ಮ ಅತ್ತೆಗೂ ಆಶ್ಚರ್ಯ. ಹುಡುಗಿಯ ಲಗ್ನ ಹತ್ತಿರ ಬಂದಿರುವಾಗ ಈ ಮನುಷ್ಯ ಅತ್ತೆ ಸೊಸೆಯರ ಸಮಾಚಾರ ಕೇಳುತ್ತ ಕೂತಿದ್ದಾರಲ್ಲ! ಹೊನ್ನವ್ವ ಬಹಳ ಹೊತ್ತು ಹೇಳಿದಳು, ಅವರು ಬಹಳ ಹೊತ್ತು ಕೇಳಿದರು. ಕೊನೆಗೆ ಊರಿಗೆ ಹೋಗು, ಏನಾದರೂ ನಾನೇ ಕಾರ್ಡು ಹಾಕುತ್ತೇನೆ ಎಂದು ಅವಳನ್ನು ಕಳಿಸಿಕೊಟ್ಟರು. ಅವಳೂ ಅವರನ್ನು ನಂಬಿ ಹೋದಳು.

ಅಂದೇ ಖಾದರಸಾಬರಿಗೆ ಕಾಗದ ಹೋಯಿತು. ಲಗ್ನ ಯಾರ ಮನೆಯಲ್ಲಿ, ಅದನ್ನು ತಪ್ಪಿಸುವ ದಾರಿ ಏನು, ನಮ್ಮ ಸಲುವಾಗಿ ಸ್ವಲ್ಪ ನೋಡು ಎಂದು. ಉತ್ತರ ಬೇಗನೆ ಬಂತು, ಹಲ್ಲುನೋವಿನ ಸುದ್ದಿ ಇಲ್ಲದ ಕಾಗದ ಅದೊಂದೇ. ತಡಸದ ಗುದ್ಲೆಪ್ಪ ಈಗಾಗಲೇ ನನ್ನ ಪಕ್ಷಗಾರ, ಲಗ್ನಕ್ಕೆ ತೊಡಕು ಬರಬಾರದೆಂದು ನನ್ನನ್ನು ಹಿಡಿದಿದ್ದಾನೆ, ನಿನ್ನ ಕಾಗದವನ್ನು ಕಟ್ಟಳೆಯ ಪ್ರಕಾರ ಅವನಿಗೆ ಓದಿ ಹೇಳಬೇಕಾಯಿತು, ಮುಂದೆ ಬರೆಯುವಾಗ ಇದು ನೆನಪಿರಲಿ ಎಂದು ಬರೆದಿದ್ದರು.

ಮಾವನವರ ಮುಖ ಇಳಿಯಿತು. ಗುದ್ಲೆಪ್ಪನಿಗೆ ಎಲ್ಲ ತಿಳಿದಂತಾಯಿತು, ಇನ್ನು ಅವನು ಸೋಮವಾರಕ್ಕೂ ಮೊದಲೇ ಲಗ್ನ ಮುಗಿಸಿದರೂ ಮುಗಿಸಿಯಾನು. ಅತ್ತೆಗೆ ತಡೆಯಲಾರದಷ್ಟು ಸಿಟ್ಟು ಬಂತು. ನಿಮ್ಮಿಬ್ಬರ ಗೆಳೆತನದ ಕಟ್ಟಳೆಗಾಗಿ ಆ ಕೂಸನ್ನು ಬಲಿ ಕೊಡುತ್ತೀರಾ, ಆ ಮನುಷ್ಯನಿಗೆ ಗುಟ್ಟಾಗಿ ಇನ್ನೊಂದು ಕಾಗದ ಬರೆಯಿರಿ ಎಂದರು. ಮಾವನವರು ಬರೆಯಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಮಾಜಿಸ್ಟ್ರೇಟರಿಂದ ಲಗ್ನಕ್ಕೆ ತಡೆ ತರಲು ಅರ್ಜಿ ಸಿದ್ಧ ಮಾಡಿಟ್ಟರು. ಆದರೆ ಪೊಲೀಸರನ್ನು ಕಂಡೊಡನೆ ಗುದ್ಲೆಪ್ಪ ಹುಡುಗಿಯನ್ನು ಎಲ್ಲಿಗಾದರೂ ಸಾಗಿಸಿ ರಾತ್ರೋರಾತ್ರಿ ಅಕ್ಕಿಕಾಳು ಹಾಕಿಸಿಬಿಟ್ಟಾನು ಎಂಬ ಹೆದರಿಕೆ ಅವರಿಗಿತ್ತು. ಆಮೇಲೆ ಗುದ್ಲೆಪ್ಪನಿಗೆ ಶಿಕ್ಷೆಯಾದರೂ ಆದ ಲಗ್ನ ಆಗದಂತಾಗುವುದಿಲ್ಲ.

ಕೊನೆಗೆ ಅವರಿಗೊಂದು ದಾರಿ ಹೊಳೆಯಿತು. ಬರೆದದ್ದನ್ನು ಎದುರು ಪಕ್ಷಕ್ಕೆ ಓದಿ ಹೇಳಲೇಬೇಕಲ್ಲವೇ? ಹಾಗಾದರೆ ಓದಿ ಹೇಳಲಿಕ್ಕೆಂದೇ ಬರೆಯುವುದು! ಕೂತು ಒಂದು ಕಾಗದ ಬರೆದು ನಮ್ಮಿಬ್ಬರ ಮುಂದೆ ಓದಿದರು. ಇಂಥ ಕಾಯ್ದೆ, ಇಂಥ ಕಲಮು, ಹಿಂದಿನ ವರ್ಷವೇ ತಿದ್ದುಪಡಿಯಾಗಿ ಸಂಸ್ಥಾನದಲ್ಲಿ ಮಾಡಿದ ಲಗ್ನಕ್ಕೂ ಶಿಕ್ಷೆ ತಪ್ಪದು, ಸೆರೆಮನೆ, ದಂಡ, ಮಾನಹಾನಿ. ಕೇಳುತ್ತ ಕೇಳುತ್ತ ನಮ್ಮ ಅತ್ತೆಯ ಹುಬ್ಬು ಮೇಲಕ್ಕೇರಿತು.

"ಇದನ್ನ ಕೇಳಿದ್ರ ನಾನಾದ್ರ ಲಗ್ನಾ ನಾಳೇನ ಮಾಡ್ತಿದ್ದೆ ನೋಡ್ರಿ," ಎಂದರು.

ಮಾವನವರು ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು. ಆ ಕಾಗದವನ್ನು ಹರಿದು, ಇನ್ನೊಂದು ತೆಗೆದುಕೊಂಡರು. ಈ ಸಲ ಗುದ್ಲೆಪ್ಪನಿಗೆ ಬರೆಯಲಿಲ್ಲ, ಅವನ ತಾಯಿಗೆ ಬರೆದರು. ಕೋರ್ಟಿನ ಭಾಷೆ ಬಿಟ್ಟು, ಕಟ್ಟೆಯ ಮೇಲೆ ಕೂತು ಮಾತಾಡುವ ಹಾಗೆ ಬರೆದರು. ಅದರ ನಕಲು ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿತ್ತು, ಈಗಲೂ ನನಗೆ ಬಾಯಿಪಾಠ.

"ತಡಸದ ಮುದಕವ್ವನವರಿಗೆ ಹಾನಗಲ್ಲ ಪರಮೇಶ್ವರಪ್ಪನ ಶರಣಾರ್ಥಿ. ನಾ ನಿಮ್ಮ ಸೊಸಿ ಹೊನ್ನವ್ವನ ವಕೀಲ. ಮೊಮ್ಮಗಳ ತಲಿಮ್ಯಾಲೆ ಅಕ್ಕಿಕಾಳು ಹಾಕಬೇಕಂತ ನಿಮಗ ಆಸೆ ಐತಿ, ಅದು ತಪ್ಪಲ್ಲ. ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹೊನ್ನವ್ವ ನಿಮ್ಮ ಮನಿಗೆ ಬಂದಾಗ ಎಂಟು ವರ್ಷದಾಕಿ. ಸಂಜಿ ಆತಂದ್ರ ಅವ್ವನ್ನ ನೆನಸಿ ಅಳತಿದ್ಲಂತ. ನೀವು ಆಕಿನ್ನ ನಿಮ್ಮ ಕೌದ್ಯಾಗ ಹಾಕ್ಕೊಂಡು ಮಲಗಸತಿದ್ರಂತ. ಆಕಿ ಮೊದಲನೇ ಕೂಸು ಹೋದಾಗ ಆಕಿಗಿಂತ ಹೆಚ್ಚು ನೀವು ಅತ್ರಂತ. ಇದನ್ನೆಲ್ಲಾ ಆಕಿನ ನನಗ ಹೇಳ್ಯಾಳ. ನಿಮ್ಮಂಥಾ ಅತ್ತಿ ಸಿಕ್ಕಿದ್ದು ಆಕಿ ಪುಣ್ಯಾ. ಮಾದೇವಿಗೆ ಎಂಥಾ ಅತ್ತಿ ಸಿಗತಾಳ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆ ಮನ್ಯಾಗ ಹುಡುಗಿ ಅತ್ತರ ಕೌದಿ ಯಾರು ಹೊಚ್ಚತಾರ, ಅದೊಂದು ವಿಚಾರ ಮಾಡ್ರಿ. ಹೊನ್ನವ್ವಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನೀವು ಕರದ್ರ ಬಂದು ನಿಮ್ಮ ಸೇವಾ ಮಾಡ್ತಾಳ."

ಓದಿ ಮುಗಿಸಿದಾಗ ಅತ್ತೆ ಗಂಜಿಯ ಬಟ್ಟಲು ತರಲು ಒಳಗೆ ಹೋದರು. ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನಾನು ಕಂಡೆ. ಕಾಗದ ಖಾದರಸಾಬರ ಹೆಸರಿಗೆ ಸವಣೂರಿಗೆ ಹೋಯಿತು.

ಆಮೇಲೆ ಕಾಯುವ ಕೆಲಸ. ಉತ್ತರ ಬರಬೇಕಾದ ದಿನ ಬರಲಿಲ್ಲ, ಮರುದಿನವೂ ಇಲ್ಲ. ಮಾವನವರಿಗೆ ಪೋಸ್ಟಿನವನು ಮನೆಗೆ ಬರುವ ತನಕ ತಾಳ್ಮೆಯಿರಲಿಲ್ಲ, ತಾವೇ ಟಪಾಲು ಕಚೇರಿಗೆ ಹೋಗಿ ಚೀಲ ಬಿಚ್ಚುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಬೇರೆ ಕಾಗದಗಳಿಗೆ ಉತ್ತರ ಬರೆಯುವುದೂ ನಿಂತಿತು. ಊಟದ ತಾಟಿನ ಮುಂದೆ ಕೂತು ಅನ್ನ ಕಲಸುತ್ತಲೇ ಇರುವರು. ಲಗ್ನದ ಸೋಮವಾರ ಹತ್ತಿರ ಬರುತ್ತಿತ್ತು. ನಾಳೆಯೂ ಕಾಗದ ಬರದಿದ್ದರೆ ಅರ್ಜಿ ತೆಗೆದುಕೊಂಡು ಹೋಗುವುದೇ ಸೈ ಎಂದು ಕೋಟು ಒಗೆಸಿ ಗೂಟಕ್ಕೆ ಹಾಕಿಸಿದರು. ನನಗಂತೂ ಖಾದರಸಾಬರ ಮೇಲೆ ಹೇಳಲಾರದಷ್ಟು ಕೋಪ ಬಂದಿತ್ತು. ಅವರು ಕಳಿಸುವ, ಊರೆಲ್ಲ ಹೊಗಳುವ ಸವಣೂರಿನ ವೀಳ್ಯದೆಲೆಯನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ಮರುದಿನ ಕಾಗದವೂ ಬಂತು, ಮೋಟಾರಿನ ಮೇಲೆ ಎಲೆಯ ಬುಟ್ಟಿಯೂ ಬಂತು. ತಡವಾದದ್ದು ಯಾಕೆಂದು ಆಗ ತಿಳಿಯಿತು. ಕಾಗದ ಮುದಕವ್ವನ ಹೆಸರಿನಲ್ಲಿದೆ, ಅವಳ ಕಿವಿಗೇ ಬೀಳಬೇಕು ಎಂದು ಆ ಪುಣ್ಯಾತ್ಮರು ಊದಿದ ದವಡೆಗೆ ವಸ್ತ್ರ ಕಟ್ಟಿಕೊಂಡು ತಾವೇ ತಡಸಕ್ಕೆ ಹೋಗಿದ್ದರು. ಹಾದಿಯಲ್ಲೇ ಸಿಕ್ಕ ಗುದ್ಲೆಪ್ಪನಿಗೆ, ನನ್ನ ಪಕ್ಷಗಾರನಾಗಿ ನಿನಗೆ ಖರೆ ಹೇಳಬೇಕು, ಹದ್ದು ದಾಟಿ ಹೋದರೂ ಕಾಯ್ದೆ ನಿನ್ನನ್ನು ಬಿಡುವುದಿಲ್ಲ ಎಂದು ತಿಳಿಸಿದ್ದರು. ಅವನು ಬಗ್ಗಿರಲಿಲ್ಲ. ತಾಯಿಯ ಆಸೆ ತೀರಿದರೆ ಸಾಕು, ಒಂದು ತಿಂಗಳು ಸೆರೆಮನೆಯಲ್ಲಿ ಇದ್ದು ಬರುತ್ತೇನೆ ಎಂದಿದ್ದನಂತೆ.

ಮುದಕವ್ವನ ಹಾಸಿಗೆಯ ಹತ್ತಿರ ಕೂತು ಖಾದರಸಾಬರು ಕಾಗದ ಓದಿದರು. ಕೌದಿಯ ಮಾತು ಬಂದಾಗ ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮುಗಿದ ಮೇಲೆ ಇವರು ಎದ್ದು ಬರಬೇಕೆನ್ನುವಾಗ ಮಗನನ್ನು ಕರೆದು, ಹುಡುಗಿಯನ್ನು ಅವಳ ತಾಯಿಯ ಹತ್ತಿರ ಬಿಟ್ಟು ಬಾ, ಲಗ್ನ ಬೇಡ ಎಂದಳು. ಗುದ್ಲೆಪ್ಪ ದಿಗ್ಗನೆ ಎದ್ದು ನಿಂತ. ಮಾತು ಕೊಟ್ಟು ದಿನ ಹಿಡಿದಾಗಿದೆ, ಮಂದಿಗೆ ಏನು ಹೇಳಲಿ ಎಂದು ಕೂಗಾಡಿದ. ಅದಕ್ಕೆ ಮುದುಕಿ ಕೊಟ್ಟ ಉತ್ತರವನ್ನು ಖಾದರಸಾಬರು ಇದ್ದ ಹಾಗೆಯೇ ಬರೆದಿದ್ದರು.

"ಮುದುಕಿ ಒಲ್ಲೆ ಅಂದ್ಲು ಅಂತ ಹೇಳು. ಸಾಯೂ ಮುದುಕಿನ್ನ ಯಾರು ಏನಂತಾರ?"

ಕಾಗದದ ತುದಿಯಲ್ಲಿ ಹೀಗಿತ್ತು: "ಪರಮೇಶಿ, ನನ್ನ ಪಕ್ಷ ಸೋತಿತು. ಇಂಥ ಸೋಲು ಇನ್ನೊಂದು ಬಂದರೂ ನನಗೆ ಬೇಸರವಿಲ್ಲ. ಗುದ್ಲೆಪ್ಪ ಬುಧವಾರ ಹುಡುಗಿಯನ್ನು ನಿಮ್ಮ ಮನೆಗೇ ಕರೆತರುತ್ತಾನೆ. ಹಲ್ಲು ಕೀಳಿಸಿದೆ."

ಮಾವನವರು ಚಾಳೀಸು ತೆಗೆದು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಎಷ್ಟೋ ದಿನ ಮನೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ನಾನು ಆಣೆ ಮರೆತು ಎಲೆ ಹಾಕಿಕೊಂಡೆ. ಅತ್ತೆ ಒಲೆಯ ಮೇಲೆ ಬೆಲ್ಲದ ಪಾಯಸಕ್ಕೆ ಇಟ್ಟರು. ಮಾವನವರು ಹೊನ್ನವ್ವನಿಗೆ ಕಾರ್ಡು ಬರೆದರು. ಲಗ್ನ ತಪ್ಪಿತು, ಬುಧವಾರ ನಿನ್ನ ಮಗಳು ನಮ್ಮ ಮನೆಯಲ್ಲಿರುತ್ತಾಳೆ, ಬಂದು ಕರೆದುಕೊಂಡು ಹೋಗು ಎಂದು. ಕಾರ್ಡು ಟಪಾಲಿಗೆ ಹೊರಡುವ ಹೊತ್ತಿಗೆ ಅತ್ತೆ ಅದನ್ನು ಕೈಯಿಂದ ಕಸಿದುಕೊಂಡು ದೇವರ ಮನೆಗೆ ಹೋದರು. ಇಂಥ ಸುದ್ದಿಯನ್ನು ಬೋಳು ಕಾರ್ಡಿನ ಮೇಲೆ ಕಳಿಸುತ್ತಾರೆಯೇ ಎಂದು ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ನಡುವೆ ಒಂದಿಷ್ಟು ಕುಂಕುಮ ಇಟ್ಟು ತಂದುಕೊಟ್ಟರು. ಆ ಸಂತೋಷದಲ್ಲಿ ನಮ್ಮ ಮೂವರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ನಮ್ಮ ಕಡೆ ಮೂಲೆಗೆ ಅರಿಷಿಣ ಹಚ್ಚಿದ ಕಾಗದ ಮನೆಗೆ ಬಂತೆಂದರೆ ಅದನ್ನು ಓದಿಸಬೇಕಾಗಿಲ್ಲ. ಎಲ್ಲೋ ಲಗ್ನ ಇದೆಯೆಂದೇ ಅರ್ಥ. ಯಾರದೆಂದು ತಿಳಿಯಲಷ್ಟೇ ಓದಿಸುವುದು.

ಚಿಕ್ಕೇರೂರಿನಲ್ಲಿ ಏನಾಯಿತೆಂದು ಹೊನ್ನವ್ವ ಆಮೇಲೆ ಹೇಳಿದಳು. ಬುಧವಾರ ಮುಂಜಾನೆ ಪೋಸ್ಟಿನವನು ಬಂದ. ಎಂದಿನ ಹಾಗೆ ನಿಂತು ಓದಿ ಹೇಳುವವನು ಅಂದು ಅವಸರದಲ್ಲಿದ್ದ. ಅರಿಷಿಣ ಕಂಡು, ಶುಭ ಸುದ್ದಿ ಐತಿ ನೋಡವ್ವ, ಹಾನಗಲ್ಲಿನಿಂದ ಬಂದೈತಿ ಎಂದು ಕೈಗಿಟ್ಟು ಮುಂದೆ ಹೋದ. ಹೊನ್ನವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸೋಮವಾರಕ್ಕೂ ಮೊದಲೇ ಲಗ್ನ ಮುಗಿಸಿಬಿಟ್ಟರೆಂದೇ ತಿಳಿದಳು. ಅಣ್ಣ ಹೊಲಕ್ಕೆ ಹೋಗಿದ್ದ. ಅವಳು ಕಾರ್ಡನ್ನು ಯಾರಿಗೂ ತೋರಿಸಲಿಲ್ಲ, ತೋರಿಸುವ ಮನಸ್ಸಾದರೂ ಹೇಗಾದೀತು? ಮಗಳ ಲಗ್ನದ ಸುದ್ದಿ ತಾಯಿಗೆ ವಕೀಲನ ಕೈಯಿಂದ ಬಂತೆಂದು ಊರೆಲ್ಲ ಆಡಿಕೊಳ್ಳಲಿ ಎಂದೇ? ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಉಟ್ಟ ಸೀರೆಯಲ್ಲೇ ಹೊರಟಳು. ಅಕ್ಕಿಆಲೂರಿನ ತನಕ ಯಾರದೋ ಚಕ್ಕಡಿ, ಅಲ್ಲಿಂದ ಮೋಟಾರು. ದಾರಿಯುದ್ದಕ್ಕೂ ನಮ್ಮ ಮಾವನವರಿಗೆ ಶಾಪ ಹಾಕುತ್ತ ಬಂದೆನೆಂದು ಅವಳೇ ಒಪ್ಪಿಕೊಂಡಳು.

ಗುದ್ಲೆಪ್ಪ ಹುಡುಗಿಯನ್ನು ಕರೆದುಕೊಂಡು ಅಷ್ಟರಲ್ಲೇ ನಮ್ಮ ಮನೆಗೆ ಬಂದಿದ್ದ. ಬಿಗುವಿನ ಮನುಷ್ಯ. ಹುಡುಗಿಯನ್ನು ಒಪ್ಪಿಸಿ ಹೋಗುತ್ತೇನೆ, ಚಹಾ ಗಿಹಾ ಬೇಡ ಎಂದವನನ್ನು ಮಾವನವರು ಕೈಹಿಡಿದು ಪಡಸಾಲೆಯಲ್ಲಿ ಕೂರಿಸಿದ್ದರು. ಇಬ್ಬರೂ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಅದೇ ಹೊತ್ತಿಗೆ ಹೊನ್ನವ್ವ ಅಂಗಳಕ್ಕೆ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದವನು ಗುದ್ಲೆಪ್ಪ.

ಅವಳು ಅಲ್ಲೇ ನಿಂತಳು. ಕೈಯಲ್ಲಿದ್ದ ಕಾರ್ಡನ್ನು ಮಾವನವರ ಮುಂದೆ ಎಸೆದಳು. ಬೆವರಿಗೆ ಕರಗಿದ ಅರಿಷಿಣ ಅವಳ ಅಂಗೈಗೆಲ್ಲ ಹತ್ತಿತ್ತು.

"ದೇವರಂಗ ನಂಬಿದ್ದೆ ನಿಮ್ಮನ್ನ. ಮಗಳ ಲಗ್ನಾ ಮಾಡಿಸಿ ನನಗ ಕಾರ್ಡು ಹಾಕೀರಿ. ಈಗ ಇವರ ಜೋಡಿ ಕುಂತು ಚಹಾ ಕುಡ್ಯಾಕತ್ತೀರಿ."

ಮಾವನವರ ಬಾಯಿ ತೆರೆಯಿತು, ದನಿ ಬರಲಿಲ್ಲ. ಗುದ್ಲೆಪ್ಪ ಬಸಿ ಹಿಡಿದವನು ಹಿಡಿದಂತೆಯೇ ಇದ್ದ. ನಾನು ಕಾರ್ಡು ಎತ್ತಿಕೊಂಡು ಓದಲು ಹೊರಟೆ, ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗದ್ದಲಕ್ಕೆ ಹೊರಗೆ ಬಂದ ಅತ್ತೆ, ಹೊನ್ನವ್ವನ ಹಳದಿಯಾದ ಅಂಗೈ ನೋಡಿದರು, ನನ್ನ ಕೈಯಲ್ಲಿದ್ದ ಕಾರ್ಡು ನೋಡಿದರು. ಅಯ್ಯ ಶಿವನ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸಮಜಾಯಿಷಿ ಹೇಳುತ್ತ ಕೂಡ್ರಲಿಲ್ಲ. ಒಳಗೆ ಓಡಿ, ಎಣ್ಣೆ ಹಚ್ಚಿ ಅರ್ಧ ಹೆರಳು ಹಾಕಿದ್ದ ಮಾದೇವಿಯನ್ನು ರಟ್ಟೆ ಹಿಡಿದು ತಂದು ತಾಯಿಯ ಮುಂದೆ ನಿಲ್ಲಿಸಿದರು.

ಹೊನ್ನವ್ವ ಮಗಳನ್ನು ಅಪ್ಪಿಕೊಳ್ಳಲಿಲ್ಲ. ಮೊದಲು ಕಾಲಬೆರಳು ನೋಡಿದಳು. ಉಂಗುರವಿರಲಿಲ್ಲ. ಪೋಲಕದ ಕೊರಳಪಟ್ಟಿಯೊಳಗೆ ಕೈ ಹಾಕಿ ಹುಡುಗಿಯ ಕೊರಳ ಸುತ್ತ ಬೆರಳಾಡಿಸಿದಳು. ಶಿವದಾರವೊಂದೇ ಇತ್ತು. ಮತ್ತೊಮ್ಮೆ ಹುಡುಕಿದಳು. ಹುಡುಗಿ ಕಚಗುಳಿಗೆ ಹೆಗಲು ಎತ್ತಿ ನಕ್ಕಳು.

"ಯವ್ವಾ, ಏನ ಹುಡಕಾಕತ್ತಿ?"

ಆಗ ಹೊನ್ನವ್ವ ಅಂಗಳದ ನೆಲದ ಮೇಲೆ ಕುಸಿದು ಕೂತು, ಮಗಳನ್ನು ಮಡಿಲಿಗೆ ಎಳೆದುಕೊಂಡು ಅಳಲಿಕ್ಕೆ ಶುರುಮಾಡಿದಳು. ನಡುನಡುವೆ ನಗುತ್ತಿದ್ದಳು. ಮಗಳ ಬರಿಗೊರಳು ಕಂಡು ಅಷ್ಟು ಸುಖಪಟ್ಟ ತಾಯಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅತ್ತೆಯೂ ಅತ್ತರು, ನಾನೂ ಅತ್ತೆ. ನಮ್ಮ ಮಾವನವರು ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ಮಸಿಕುಡಿಕೆಯ ಮುಚ್ಚಳ ತಿರುವುತ್ತಿದ್ದರು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ನಾನು ಕಾರ್ಡು ಓದಿದೆ, ಹೊನ್ನವ್ವ ಮಾವನವರ ಕಾಲು ಮುಟ್ಟಲು ಹೋದಳು, ಅವರು ಹಿಂದಕ್ಕೆ ಸರಿದರು. ಅರಿಷಿಣ ಹಚ್ಚಿದವಳು ನಾನೆಂದು ಅತ್ತೆ ಅವಳ ಕೈ ಹಿಡಿದು ಹೇಳಿದರು. ಊಟಕ್ಕೆ ಎಲ್ಲರನ್ನೂ ಕೂರಿಸಿದೆವು. ಗುದ್ಲೆಪ್ಪ ತಲೆ ಬಗ್ಗಿಸಿ ಉಂಡ. ಕೈ ತೊಳೆಯುವಾಗ ಮಾತ್ರ, ಅವ್ವ ನಿನ್ನನ್ನು ಕೇಳಿದಳು ಎಂದು ಹೊನ್ನವ್ವನ ಕಡೆ ನೋಡದೆ ಹೇಳಿದ.

ಹೊನ್ನವ್ವ ಚಿಕ್ಕೇರೂರಿನ ಅಣ್ಣನಿಗೊಂದು ಕಾರ್ಡು ಬರೆದುಕೊಡಿರಿ ಎಂದು ಮಾವನವರನ್ನು ಕೇಳಿದಳು, ಈ ಸಲ ಅರಿಷಿಣ ಬೇಡವೆಂದೂ ಹೇಳಿದಳು. ಅಂದು ಸಂಜೆಯ ಮೋಟಾರಿನಲ್ಲಿ ಭಾವನ ಜೊತೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಡಸಕ್ಕೆ ಹೋದಳು.

ಮುದಕವ್ವ ಇಂದೋ ನಾಳೆಯೋ ಎಂದು ಎಲ್ಲರೂ ಅಂದುಕೊಂಡಿದ್ದರಲ್ಲ, ಸೊಸೆ ಬಂದು ಹೊತ್ತುಹೊತ್ತಿಗೆ ಗಂಜಿ ಹಾಕಿ ಬೆನ್ನಿಗೆ ಎಣ್ಣೆ ತಿಕ್ಕಿದ ಮೇಲೆ ಮುದುಕಿ ಎದ್ದು ಕೂತಳು. ಮಳೆಗಾಲಕ್ಕೆ ಅಂಗಳಕ್ಕೆ ಬಂದಳು. ಯುದ್ಧ ಶುರುವಾಯಿತು, ಸಕ್ಕರೆ ಸೀಮೆಎಣ್ಣೆಗೆ ಬರ ಬಂತು, ಯುದ್ಧ ಮುಗಿಯಿತು, ಮುದುಕಿ ಇದ್ದಳು. ಈ ಸಮಾಚಾರವೆಲ್ಲ ನಮ್ಮ ಮಾವನವರ ಕಾಗದಗಳಲ್ಲಿ ಎಲೆಬಳ್ಳಿಯ ಸುದ್ದಿಯ ನಡುವೆ ಸವಣೂರಿಗೆ ಹೋಗುತ್ತಿತ್ತು. ಮುದುಕಿ ನನ್ನ ಪಕ್ಷಗಾರನಿಗೆ ಮೋಸ ಮಾಡಿದಳು, ಸಾಯುವ ಮಾತೇ ಆಡುವುದಿಲ್ಲ ಎಂದು ಖಾದರಸಾಬರು ತಮಾಷೆಗೆ ಬರೆಯುತ್ತಿದ್ದರು.

ನಲವತ್ತಾರನೇ ಇಸವಿಯಲ್ಲಿ ಮಾದೇವಿಯ ಲಗ್ನವಾಯಿತು. ಹುಡುಗಿ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು, ವರ ಶಿಗ್ಗಾವಿಯ ಕನ್ನಡ ಶಾಲೆಯ ಮಾಸ್ತರ. ನಾವೆಲ್ಲ ಹೋಗಿದ್ದೆವು, ಸವಣೂರಿನಿಂದ ಖಾದರಸಾಬರೂ ಬಂದಿದ್ದರು. ಇಬ್ಬರು ಮುದುಕ ವಕೀಲರು ಚಪ್ಪರದ ಕೆಳಗೆ ಒಂದೇ ಜಮಖಾನದ ಮೇಲೆ ಕೂತು ಬಾಯಿತುಂಬ ಎಲೆ ಹಾಕಿಕೊಂಡಿದ್ದರು. ಅಕ್ಕಿಕಾಳಿನ ಹೊತ್ತಿಗೆ ಮುದಕವ್ವನನ್ನು ಹೊನ್ನವ್ವ ಕೈಹಿಡಿದು ಕರೆತಂದಳು. ಕಣ್ಣು ಮಂಜಾಗಿದ್ದವು, ಬೆನ್ನು ಪೂರ್ತಿ ಬಾಗಿತ್ತು. ಮುದುಕಿ ಮುಷ್ಟಿಯ ತುಂಬ ಅಕ್ಕಿಕಾಳು ಹಿಡಿದು ಮೊಮ್ಮಗಳ ತಲೆಯನ್ನು ಹುಡುಕುತ್ತ ಕೈ ಎತ್ತಿದಳು. ಕೈ ಹೆಗಲ ತನಕ ಹೋಯಿತು, ಅದರ ಮೇಲೆ ಹೋಗಲಿಲ್ಲ.

"ಇಷ್ಟ ಎತ್ತರ ಆಗ್ಯಾಳನ ನಮ್ಮ ಹುಡುಗಿ?" ಎಂದಳು.

ಮಾದೇವಿ ಅಜ್ಜಿಯ ಕೈ ಮುಟ್ಟುವಷ್ಟು ಬಾಗಿದಳು.